ಜಪಾನಿನ ಅನಿಮೇಷನ್ ಯಾತ್ರೆ: ಊರಿನ ಅಂಗಡಿಗೆ ದಕ್ಕುವುದೆಷ್ಟು?

ಪ್ರವಾಸೋದ್ಯಮವೆಂದೊಡನೆ ದೇವಾಲಯ, ಕೋಟೆ, ಜಲಪಾತ, ಕಡಲತೀರಗಳು ನೆನಪಿಗೆ ಬರುವುದು ಸಹಜ. ಆದರೆ ಯಾವ ಪ್ರವಾಸಿ ಭೂಪಟದಲ್ಲಿಯೂ ಗುರುತಿಸದಿದ್ದ ಒಂದು ಮೆಟ್ಟಿಲುಸಾಲು, ಒಂದು ರೈಲ್ವೆ ಗೇಟು, ಒಂದು ಸಣ್ಣ ಊರಿನ ಗ್ರಂಥಾಲಯ, ಇವುಗಳನ್ನು ನೋಡಲೆಂದೇ ದೇಶವಿದೇಶಗಳ ಜನರು ಹಣ ವೆಚ್ಚಮಾಡಿಕೊಂಡು ಬರುವ ಪರಿಪಾಠವೊಂದು ಜಪಾನಿನಲ್ಲಿ ಬೆಳೆದು ನಿಂತಿದೆ. ತಾವು ಮೆಚ್ಚಿದ ಅನಿಮೇಷನ್ ಚಲನಚಿತ್ರ ಅಥವಾ ಕಿರುತೆರೆ ಧಾರಾವಾಹಿಯಲ್ಲಿ ಕಂಡ ಸ್ಥಳದ ಮೂಲರೂಪವನ್ನು ಹುಡುಕಿ ಹೋಗಿ, ಅದೇ ಕೋನದಿಂದ ಛಾಯಾಚಿತ್ರ ತೆಗೆದುಕೊಂಡು ಬರುವುದೇ ಈ ಪ್ರವಾಸದ ಉದ್ದೇಶ. ಜಪಾನೀಯರು ಇದನ್ನು 'ಸೇಚಿ ಜುನ್‌ರೇ', ಅಂದರೆ ಪುಣ್ಯಕ್ಷೇತ್ರಗಳ ಯಾತ್ರೆ ಎಂದು ಕರೆಯುತ್ತಾರೆ. ಶಿಕೊಕು ದ್ವೀಪದ 88 ದೇಗುಲಗಳ ಪ್ರಾಚೀನ ಯಾತ್ರೆಯಂಥ ಧಾರ್ಮಿಕ ಸಂಚಾರಕ್ಕೆ ಮೀಸಲಾಗಿದ್ದ ಈ ಪದ 2016ರ ವೇಳೆಗೆ ಎಷ್ಟು ಬಳಕೆಗೆ ಬಂದಿತೆಂದರೆ, ಆ ವರ್ಷದ ಹತ್ತು ಜನಪ್ರಿಯ ನುಡಿಗಳ ಪಟ್ಟಿಯಲ್ಲಿ ಅದಕ್ಕೂ ಸ್ಥಾನ ದೊರೆಯಿತು. ಅದೇ ವರ್ಷ ಸ್ಥಾಪನೆಗೊಂಡ ಅನಿಮೆ ಟೂರಿಸಂ ಅಸೋಸಿಯೇಷನ್ ಸಂಸ್ಥೆಯು ಶಿಕೊಕು ಯಾತ್ರೆಯ ಮಾದರಿಯಲ್ಲಿಯೇ 88 ಅನಿಮೇಷನ್ ಕ್ಷೇತ್ರಗಳನ್ನು ಆಯ್ದು ಪ್ರಕಟಿಸುವ ಕಾರ್ಯವನ್ನು ಕೈಗೊಂಡಿತು.

ವಾಣಿಜ್ಯ ದೃಷ್ಟಿಯಿಂದ ಇಲ್ಲೊಂದು ವಿಚಿತ್ರವಾದ ಪರಿಸ್ಥಿತಿ ಇದೆ. ಚಿತ್ರದ ಒಡೆತನ ಊರಿನದಲ್ಲ. ಊರಿನ ಒಡೆತನ ಚಿತ್ರ ನಿರ್ಮಾಪಕನದಲ್ಲ. ಗ್ರಾಹಕ ಮಾತ್ರ ಬಂದು ಊರಿನ ನಡುಬೀದಿಯಲ್ಲಿ ನಿಂತಿದ್ದಾನೆ. ಆತನ ಜೇಬಿನಿಂದ ಹೊರಡುವ ಹಣ ಯಾರ ಗಲ್ಲಾಪೆಟ್ಟಿಗೆ ಸೇರುತ್ತದೆ, ಆತನಿಂದಾಗುವ ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತದೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಟೋಕಿಯೊದ ಬೀದಿಗಳಲ್ಲಿ

ಬೆಂಗಳೂರಿನಿಂದ ಟೋಕಿಯೊಗೆ 2021ರಲ್ಲಿ ನೇರ ವಿಮಾನ ಸಂಚಾರ ಆರಂಭವಾಯಿತು. ವ್ಯವಹಾರ ನಿಮಿತ್ತ ಅಲ್ಲಿಗೆ ಹೋಗುವ ನಮ್ಮ ಸದಸ್ಯರು ಅರ್ಧ ದಿನ ಬಿಡುವು ಮಾಡಿಕೊಂಡರೆ ಈ ಯಾತ್ರೆಯ ಒಂದು ಭಾಗವನ್ನು ಕಣ್ಣಾರೆ ನೋಡಬಹುದು. ಯೊತ್ಸುಯಾ ಬಡಾವಣೆಯ ಸುಗಾ ದೇಗುಲದ ಪಕ್ಕದಲ್ಲಿ ಕೆಂಪು ಕಂಬಿಯುಳ್ಳ ಮೆಟ್ಟಿಲುಸಾಲೊಂದಿದೆ. ಮಕೋತೊ ಶಿಂಕಾಯ್ ನಿರ್ದೇಶನದಲ್ಲಿ 2016ರ ಆಗಸ್ಟ್ ತಿಂಗಳಲ್ಲಿ ತೆರೆಕಂಡ 'ಕಿಮಿ ನೊ ನಾ ವಾ' (ನಿನ್ನ ಹೆಸರು) ಚಿತ್ರದ ಕೊನೆಯ ದೃಶ್ಯದಲ್ಲಿ ನಾಯಕ ನಾಯಕಿಯರು ಎದುರಾಗುವುದು ಈ ಮೆಟ್ಟಿಲುಗಳ ಮೇಲೆ. ಸುತ್ತಲೂ ಸಾಧಾರಣ ವಸತಿ ಪ್ರದೇಶ. ಮೆಟ್ಟಿಲಿಗೆ ಪ್ರವೇಶ ಶುಲ್ಕವಿಲ್ಲ. ಬಂದವರು ಚಿತ್ರ ತೆಗೆದುಕೊಂಡು ಹೊರಟುಹೋಗುತ್ತಾರೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಶಿಂಜುಕು ಗ್ಯೊಎನ್ ಉದ್ಯಾನದ ಮಂಟಪವೊಂದು ಇದೇ ನಿರ್ದೇಶಕರ 2013ರ 'ಕೊತೊನೊಹಾ ನೊ ನಿವಾ' (ಮಾತುಗಳ ತೋಟ) ಚಿತ್ರದ ಕೇಂದ್ರಸ್ಥಾನ. ಇಲ್ಲಿ ಮಾತ್ರ ಟಿಕೆಟ್ ಕೊಳ್ಳದೆ ಒಳಗೆ ಪ್ರವೇಶವಿಲ್ಲವಾದ್ದರಿಂದ ಅಭಿಮಾನಿಯ ಹಣ ನೇರವಾಗಿ ಉದ್ಯಾನಕ್ಕೆ ಜಮೆಯಾಗುತ್ತದೆ. ಚಿತ್ರದ ನಾಯಕಿ ಆ ಮಂಟಪದಲ್ಲಿ ಕುಳಿತು ಬಿಯರ್ ಕುಡಿಯುತ್ತಾಳೆ; ಉದ್ಯಾನದಲ್ಲಿ ಮದ್ಯಪಾನ ನಿಷಿದ್ಧ. ಈ ವಿಷಯವನ್ನು ನಿರ್ಮಾಪಕರೇ ಚಿತ್ರದ ಕೊನೆಯಲ್ಲಿ ತಿಳಿಸಿದ್ದಾರೆ!

ನಗರದ ಪಶ್ಚಿಮಕ್ಕಿರುವ ಸೇಸೆಕಿ-ಸಕುರಗಾವೊಕ ಎಂಬ ಉಪನಗರ 1995ರ 'ಮಿಮಿ ವೊ ಸುಮಸೆಬಾ' ಚಿತ್ರದ ಊರು. ಚಿತ್ರದಲ್ಲಿ ಬಳಸಿದ ಗೀತೆಯ ರಾಗವನ್ನೇ 2012ರಿಂದ ಅಲ್ಲಿನ ರೈಲು ನಿಲ್ದಾಣದಲ್ಲಿ ಗಾಡಿ ಬರುವ ಸೂಚನೆಯಾಗಿ ನುಡಿಸಲಾಗುತ್ತಿದೆ. ಕೊಗಾನೆಯಿಯಲ್ಲಿ ಹಳೆಯ ಕಟ್ಟಡಗಳನ್ನು ತಂದು ನಿಲ್ಲಿಸಿರುವ ಬಯಲು ವಸ್ತುಸಂಗ್ರಹಾಲಯವಿದೆ. ಅಲ್ಲಿನ ಒಂದು ಹಳೆಯ ಲೇಖನ ಸಾಮಗ್ರಿ ಅಂಗಡಿಯ ಗೋಡೆ ತುಂಬಿದ ಪುಟ್ಟ ಪುಟ್ಟ ಖಾನೆಗಳೇ, ಹಯಾವೊ ಮಿಯಝಾಕಿಯವರ 2001ರ 'ಸ್ಪಿರಿಟೆಡ್ ಅವೇ' ಚಿತ್ರದ ಬಾಯ್ಲರ್ ಕೋಣೆಗೆ ಪ್ರೇರಣೆ.

ಕೈಯಿಂದ ಬರೆಯುವ ಚಿತ್ರಕ್ಕೆ ನಿಜವಾದ ಊರು ಏಕೆ ಬೇಕು ಎಂಬ ಪ್ರಶ್ನೆ ಏಳಬಹುದು. ಹಿನ್ನೆಲೆ ಬರೆಯುವ ಕಲಾವಿದರು ಮೊದಲು ಸ್ಥಳಕ್ಕೆ ಹೋಗಿ ನೂರಾರು ಛಾಯಾಚಿತ್ರ ತೆಗೆದು, ಅವುಗಳ ಆಧಾರದ ಮೇಲೆ ಚಿತ್ರಿಸುವುದು ಅಲ್ಲಿ ರೂಢಿ. ವಿದ್ಯುತ್ ಕಂಬದ ತಂತಿ, ಅಂಗಡಿಯ ಫಲಕ, ರಸ್ತೆಯ ಬಿಳಿ ಗೆರೆ ಇವೆಲ್ಲ ಇದ್ದಂತೆಯೇ ಬಂದರೆ ಕಥೆಗೆ ನಂಬಿಕೆ ಒದಗುತ್ತದೆ. ಇನ್ನೊಂದು ಕಡೆ, ಚಿತ್ರಗಳನ್ನು ಮನೆಯಲ್ಲಿ ಮತ್ತೆ ಮತ್ತೆ ನಿಲ್ಲಿಸಿ ನೋಡುವ ಸೌಕರ್ಯ ಮತ್ತು ಡಿಜಿಟಲ್ ಕ್ಯಾಮರಾ ಅಭಿಮಾನಿಗಳ ಕೈಗೆ ಬಂದವು. ಎರಡೂ ಸೇರಿ ಈ ಯಾತ್ರೆ ಹುಟ್ಟಿತು. ಇದರ ಆಸಕ್ತಿ ನಮ್ಮ ದೇಶವನ್ನೂ ತಲುಪಿದೆ. ಶಿಂಕಾಯ್‌ರವರ 'ತೆಂಕಿ ನೊ ಕೊ' ಚಿತ್ರವನ್ನು ಇಲ್ಲಿಯೂ ಬಿಡುಗಡೆ ಮಾಡಬೇಕೆಂದು ಭಾರತೀಯ ಅಭಿಮಾನಿಗಳು ಸಹಿ ಸಂಗ್ರಹಿಸಿ ಕೋರಿದ ನಂತರ 2019ರ ಅಕ್ಟೋಬರ್‌ನಲ್ಲಿ ಅದು ನಮ್ಮ ಚಿತ್ರಮಂದಿರಗಳಿಗೆ ಬಂದಿತು.

ವಾಶಿಮಿಯಾದ ವರ್ತಕರು ಮಾಡಿದ್ದು

ಈ ವಿಷಯದಲ್ಲಿ ನಮ್ಮಂಥ ವಾಣಿಜ್ಯ ಸಂಸ್ಥೆಗಳು ವಿಶೇಷವಾಗಿ ಅಭ್ಯಸಿಸಬೇಕಾದದ್ದು ಟೋಕಿಯೊಗೆ ಉತ್ತರದ ಸೈತಾಮಾ ಪ್ರಾಂತದ ವಾಶಿಮಿಯಾ ಎಂಬ ಸಣ್ಣ ಊರನ್ನು. (2010ರಲ್ಲಿ ಇದು ಕುಕಿ ನಗರದೊಳಗೆ ವಿಲೀನವಾಯಿತು.) 2007ರಲ್ಲಿ ಪ್ರಸಾರವಾದ 'ಲಕ್ಕಿ ಸ್ಟಾರ್' ಧಾರಾವಾಹಿಯಲ್ಲಿ ಇಲ್ಲಿನ ಪುರಾತನ ದೇಗುಲವನ್ನು ಹೋಲುವ ದೃಶ್ಯವಿತ್ತು, ಪಾತ್ರಗಳಲ್ಲಿ ಇಬ್ಬರು ದೇಗುಲದ ಮನೆತನದ ಅವಳಿ ಸೋದರಿಯರು. ಅನಿಮೇಷನ್ ಮಾಸಪತ್ರಿಕೆಯೊಂದು ಸ್ಥಳದ ಗುರುತು ಕೊಟ್ಟದ್ದೇ ತಡ, ಕ್ಯಾಮರಾ ಹಿಡಿದ ಯುವಕರು ಗುಂಪುಗುಂಪಾಗಿ ಬರತೊಡಗಿದರು. ದೇಗುಲದಲ್ಲಿ ಹರಕೆ ಬರೆದು ತೂಗುಹಾಕುವ 'ಎಮಾ' ಎಂಬ ಮರದ ಫಲಕಗಳ ಮೇಲೆ ಪಾತ್ರಗಳ ಚಿತ್ರಗಳು ಕಾಣಿಸಿಕೊಂಡವು. ಊರಿನವರಿಗೆ ಮೊದಲು ಉಂಟಾದದ್ದು ಆತಂಕವೇ.

ಊರಿನ ವರ್ತಕರ ಸಂಘದ ಸಿಬ್ಬಂದಿ ಆಗ ಅನುಸರಿಸಿದ ಕ್ರಮ ಬಹಳ ಸರಳ. ಬಂದವರನ್ನೇ ಮಾತನಾಡಿಸಿ, 'ನೀವು ಏಕೆ ಬಂದಿರಿ, ಇಲ್ಲಿ ಏನಿದ್ದರೆ ಕೊಳ್ಳುತ್ತೀರಿ?' ಎಂದು ವಿಚಾರಿಸಿದರು. ಅನಂತರ ಹಕ್ಕುಸ್ವಾಮ್ಯ ಹೊಂದಿದ್ದ ಕದೊಕಾವಾ ಪ್ರಕಾಶನ ಸಂಸ್ಥೆಯನ್ನು ಸಂಪರ್ಕಿಸಿ ಪರವಾನಗಿ ಪಡೆದರು. ಎಮಾ ಫಲಕದ ಆಕಾರದಲ್ಲಿ, ಮೊಬೈಲ್ ಫೋನಿಗೆ ಕಟ್ಟುವ ಪುಟ್ಟ ಮರದ ಪದಕಗಳು ಸಿದ್ಧವಾದವು. ಇಲ್ಲಿಯೇ ವರ್ತಕರ ಜಾಣ್ಮೆ ಅಡಗಿದೆ. ಎಲ್ಲ ಪದಕಗಳನ್ನೂ ಒಂದೇ ಮಳಿಗೆಯಲ್ಲಿ ಮಾರದೆ, ಬೇರೆ ಬೇರೆ ಪಾತ್ರಗಳ ಪದಕಗಳನ್ನು ಬೇರೆ ಬೇರೆ ಅಂಗಡಿಗಳಿಗೆ ಹಂಚಿದರು. ಪೂರ್ತಿ ಜೊತೆ ಬೇಕೆನ್ನುವ ಅಭಿಮಾನಿ ಊರಿನ ಪೇಟೆಯನ್ನೆಲ್ಲ ಸುತ್ತಲೇಬೇಕಾಯಿತು. ಪದಕ ಕೊಳ್ಳಲು ಹೋದವನು ಅಲ್ಲಿಯೇ ಒಂದು ಬಟ್ಟಲು ನೂಡಲ್ಸ್ ತಿಂದರೆ ಅದರ ಮೇಲೆ ಯಾರಿಗೂ ರಾಯಧನ ಕೊಡಬೇಕಿಲ್ಲ! 2008ರಲ್ಲಿ ಆ ಅವಳಿ ಸೋದರಿಯರ ಕುಟುಂಬವನ್ನು ಊರಿನ ವಿಶೇಷ ನಿವಾಸಿಗಳೆಂದು ದಾಖಲಿಸಿ, ನಿವಾಸ ಪತ್ರದ ಪ್ರತಿಗಳನ್ನು ಮಾರಲಾಯಿತು. ಅದೇ ವರ್ಷ ಸೆಪ್ಟೆಂಬರ್‌ನ ಊರಹಬ್ಬದಲ್ಲಿ ಪಾತ್ರಗಳ ಚಿತ್ರವಿದ್ದ ಪಲ್ಲಕ್ಕಿಯನ್ನು ಅಭಿಮಾನಿಗಳೇ ಹೊತ್ತರು.

ಫಲಿತಾಂಶವನ್ನು ಅಂಕಿಗಳಲ್ಲಿ ನೋಡಬಹುದು. ಹೊಸ ವರ್ಷದ ದರ್ಶನಕ್ಕೆ 2007ರಲ್ಲಿ ಸುಮಾರು 90 ಸಾವಿರ ಜನರು ಬಂದಿದ್ದ ಆ ದೇಗುಲಕ್ಕೆ 2008ರಲ್ಲಿ 3 ಲಕ್ಷ, 2009ರಲ್ಲಿ 4.2 ಲಕ್ಷ, 2011ರಲ್ಲಿ 4.7 ಲಕ್ಷ ಜನರು ಬಂದರು. ಧಾರಾವಾಹಿಯ ಪ್ರಸಾರ 2007ರ ಸೆಪ್ಟೆಂಬರ್‌ನಲ್ಲಿಯೇ ಮುಗಿದಿತ್ತು ಎಂಬುದನ್ನು ಗಮನಿಸಬೇಕು.

ಪೆಸಿಫಿಕ್ ಕರಾವಳಿಯ ಒವಾರಾಯ್ ಪಟ್ಟಣದ ಕಥೆಯೂ ಇದೇ ಜಾತಿಯದು. 2011ರ ಮಾರ್ಚ್‌ನ ಸುನಾಮಿಯಿಂದ ಹಾನಿಗೊಳಗಾಗಿದ್ದ ಈ ಬಂದರು, 2012ರ 'ಗರ್ಲ್ಸ್ ಉಂಡ್ ಪಾಂಜರ್' ಧಾರಾವಾಹಿ ಮತ್ತು 2015ರ ಅದರ ಚಲನಚಿತ್ರಕ್ಕೆ ನೆಲೆಯಾಯಿತು. ಅಂಗಡಿಗೊಂದರಂತೆ ಪಾತ್ರಗಳ ಆಳೆತ್ತರದ ಫಲಕಗಳನ್ನು ಬಾಗಿಲಲ್ಲಿ ನಿಲ್ಲಿಸಲಾಯಿತು. ಊರಿನ ವಾರ್ಷಿಕ ಮೀನು ಹಬ್ಬಕ್ಕೆ ಲಕ್ಷಕ್ಕೂ ಮೀರಿ ಜನ ಸೇರುವಂತಾಯಿತು.

ಅಂದಾಜು ಲೆಕ್ಕವನ್ನು ಓದುವ ಬಗೆ

'ಕಿಮಿ ನೊ ನಾ ವಾ' ಚಿತ್ರದ ಅರ್ಧಭಾಗ ಗಿಫು ಪ್ರಾಂತದ ಗುಡ್ಡಗಾಡಿನದು. ಅಲ್ಲಿನ ಹಿದಾ-ಫುರುಕಾವಾ ರೈಲು ನಿಲ್ದಾಣ, ಹಿದಾ ನಗರ ಗ್ರಂಥಾಲಯಗಳು ಯಾತ್ರಾಸ್ಥಳಗಳಾದವು. ಈ ಚಿತ್ರವೂ ಸೇರಿದಂತೆ 2016ರಲ್ಲಿ ಅದೇ ಪ್ರಾಂತವನ್ನು ಹಿನ್ನೆಲೆಯಾಗಿ ಹೊಂದಿದ್ದ ಮೂರು ಚಿತ್ರಗಳಿಂದ ಹತ್ತು ಲಕ್ಷಕ್ಕೂ ಮೀರಿ ಯಾತ್ರಿಕರು ಬಂದರೆಂದೂ ಆರ್ಥಿಕ ಪರಿಣಾಮ 2,500 ಕೋಟಿ ಯೆನ್ ಮೀರುವುದೆಂದೂ ಅಲ್ಲಿನ ಬ್ಯಾಂಕೊಂದರ ಸಂಶೋಧನಾ ಸಂಸ್ಥೆ ಅಂದಾಜು ಮಾಡಿತು.

ಇಂಥ ಅಂಕಿಗಳನ್ನು ಲೆಕ್ಕಪರಿಶೋಧಕನ ಕಣ್ಣಿನಿಂದ ಓದುವುದು ಒಳಿತು. 'ಆರ್ಥಿಕ ಪರಿಣಾಮ' ಎಂಬುದು ಲಾಭವಲ್ಲ, ಊರಿನ ವಹಿವಾಟೂ ಅಲ್ಲ. ಯಾತ್ರಿಕನ ರೈಲು ದರ, ವಸತಿ, ಊಟ, ಕಾಣಿಕೆ ವಸ್ತುಗಳ ಖರೀದಿ, ಆ ಅಂಗಡಿಗಳಿಗೆ ಸರಕು ಒದಗಿಸಿದವರ ವ್ಯಾಪಾರ, ಅವರೆಲ್ಲರ ನೌಕರರು ಸಂಬಳದಿಂದ ಮಾಡುವ ವೆಚ್ಚ, ಹೀಗೆ ಅಲೆಯ ಮೇಲೆ ಅಲೆ ಸೇರಿಸಿ ಕೂಡಿದ ಮೊತ್ತವದು. ಚಿತ್ರವಿಲ್ಲದಿದ್ದರೂ ಬರುತ್ತಿದ್ದವರು ಎಷ್ಟು ಜನ? ಹಿದಾದ ಪಕ್ಕದಲ್ಲಿಯೇ ಪ್ರಸಿದ್ಧ ಪ್ರವಾಸಿ ಪಟ್ಟಣ ತಕಯಾಮಾ ಇದೆಯಲ್ಲ! ಆ ಮೊತ್ತದಲ್ಲಿ ರೈಲ್ವೆ ಕಂಪನಿಗೂ ದೊಡ್ಡ ಹೋಟೆಲುಗಳಿಗೂ ಹೋಗಿದ್ದೆಷ್ಟು, ಬೀದಿಯ ಅಂಗಡಿಗೆ ಉಳಿದದ್ದೆಷ್ಟು? ಈ ವಿಂಗಡಣೆಯಿಲ್ಲದೆ ಒಟ್ಟು ಮೊತ್ತವೊಂದನ್ನೇ ಮುಂದಿಟ್ಟುಕೊಂಡು ಯಾವ ಊರೂ ಬಂಡವಾಳ ಹೂಡುವುದು ಉಚಿತವಲ್ಲ ಎಂಬುದು ನನ್ನ ಅಭಿಪ್ರಾಯ.

ಚಿತ್ರದ ಗಳಿಕೆಯಲ್ಲಿ ಊರಿಗೆ ಪಾಲು ಉಂಟೇ? ಕಾನೂನಿನಂತೆ ಇಲ್ಲ. ಸಾರ್ವಜನಿಕ ಸ್ಥಳದಲ್ಲಿರುವ ಕಟ್ಟಡವನ್ನು ಚಿತ್ರಿಸಲು ಜಪಾನಿನ ಹಕ್ಕುಸ್ವಾಮ್ಯ ಕಾಯಿದೆಯ 46ನೇ ಕಲಮು ಅವಕಾಶ ಕೊಡುತ್ತದೆ. ನಮ್ಮ 1957ರ ಕಾಯಿದೆಯ 52ನೇ ಕಲಮಿನಲ್ಲಿಯೂ ಇಂಥ ವಿನಾಯಿತಿ ಇದೆ. ಆದರೆ ಆ ಚಿತ್ರದ ಪಾತ್ರವನ್ನು ಊರಿನ ಬೇಕರಿಯವನು ತನ್ನ ಬಿಸ್ಕತ್ತಿನ ಡಬ್ಬಿಯ ಮೇಲೆ ಮುದ್ರಿಸಬೇಕಾದರೆ ಪರವಾನಗಿ ಪಡೆಯಲೇಬೇಕು. ಅಂದರೆ ಊರು ಚಿತ್ರಕ್ಕೆ ಉಚಿತ, ಚಿತ್ರ ಊರಿಗೆ ಉಚಿತವಲ್ಲ. ವಾಶಿಮಿಯಾದಲ್ಲಿ ವರ್ತಕರ ಸಂಘವೇ ಎಲ್ಲರ ಪರವಾಗಿ ಒಂದೇ ಪರವಾನಗಿ ಮಾತುಕತೆ ನಡೆಸಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ. ಒಬ್ಬೊಬ್ಬ ಸಣ್ಣ ಅಂಗಡಿಯವನಿಗೆ ಅದು ಸಾಧ್ಯವಾಗುತ್ತಿರಲಿಲ್ಲ. ಇದಕ್ಕೆ ತದ್ವಿರುದ್ಧವಾದ ನಿದರ್ಶನ ತೈವಾನಿನ ಜಿಯುಫೆನ್. 'ಸ್ಪಿರಿಟೆಡ್ ಅವೇ' ಚಿತ್ರಕ್ಕೆ ಈ ಬೆಟ್ಟದೂರು ಪ್ರೇರಣೆಯಲ್ಲವೆಂದು ಮಿಯಝಾಕಿಯವರೇ ಸ್ಪಷ್ಟಪಡಿಸಿದ್ದರೂ ಅಲ್ಲಿಗೆ ಹೋಗುವವರ ನಂಬಿಕೆ ಕದಲಿಲ್ಲ. ಗುಡ್‌ವಿಲ್‌ಗೆ ದಾಖಲೆ ಪತ್ರದ ಅಗತ್ಯವಿಲ್ಲವೆಂದು ಕಾಣುತ್ತದೆ.

ಖರ್ಚಿನ ಪುಟ

ಕಾಮಾಕುರಾ ನಗರದ ಕಡಲಂಚಿನ ಸಣ್ಣ ರೈಲ್ವೆ ಗೇಟೊಂದು 1990ರ ದಶಕದ 'ಸ್ಲ್ಯಾಮ್ ಡಂಕ್' ಧಾರಾವಾಹಿಯ ಆರಂಭಗೀತೆಯಲ್ಲಿ ಬರುತ್ತದೆ. 2022ರ ಡಿಸೆಂಬರ್‌ನಲ್ಲಿ ಅದೇ ಕಥೆಯ ಚಲನಚಿತ್ರ ತೆರೆಕಂಡ ಮೇಲೆ ಏಷ್ಯಾದ ನಾನಾ ದೇಶಗಳಿಂದ ಜನ ಅಲ್ಲಿಗೆ ನುಗ್ಗಿದರು. ರೈಲು ಬರುವ ಗಳಿಗೆಯ ಚಿತ್ರಕ್ಕಾಗಿ ರಸ್ತೆಯ ಮಧ್ಯೆ ನಿಲ್ಲುವುದು, ನಿವಾಸಿಗಳ ಅಂಗಳಕ್ಕೆ ಕಾಲಿಡುವುದು, ಕಸ ಬಿಸಾಡುವುದು ನಡೆಯಿತು. ನಗರಾಡಳಿತ ಕಾವಲುಗಾರರನ್ನು ನೇಮಿಸಬೇಕಾಯಿತು. ರೈಲ್ವೆ ಗೇಟಿನಲ್ಲಿ ಮಾರಲು ಏನಿದೆ? ಯಾತ್ರಿಕ ಬಂದ ರೈಲಿನಲ್ಲಿಯೇ ಹಿಂತಿರುಗಿದರೆ ಊರಿನ ಲೆಕ್ಕದಲ್ಲಿ ಖರ್ಚಿನ ಪುಟವಷ್ಟೇ ತುಂಬುತ್ತದೆ. ಆ ಬೀದಿಯಲ್ಲಿ ವಾಸಿಸುವವರ ನೆಮ್ಮದಿಗೆ ಯಾವ ಖಾತೆಯಲ್ಲಿಯೂ ನಮೂದಿಲ್ಲ.

ಇನ್ನು ಸ್ಥಿರಾಸ್ತಿಯ ಮಾತು. 'ತೆಂಕಿ ನೊ ಕೊ' ಚಿತ್ರದ ಮುಖ್ಯ ದೃಶ್ಯವೊಂದಕ್ಕೆ ಮಾದರಿಯಾಗಿದ್ದ ಟೋಕಿಯೊದ ಶಿಥಿಲ ಯೊಯೊಗಿ ಕಟ್ಟಡದ ನೆಲಸಮ ಕಾರ್ಯ 2019ರ ಆಗಸ್ಟ್‌ನಲ್ಲಿ, ಅಂದರೆ ಚಿತ್ರ ತೆರೆಕಂಡ ಕೆಲವೇ ದಿನಗಳಲ್ಲಿ ಆರಂಭವಾಯಿತು. ವಾಶಿಮಿಯಾ ದೇಗುಲದ ಮುಂದೆ ಲಕ್ಷಾಂತರ ಜನರು ಚಿತ್ರ ತೆಗೆದುಕೊಂಡಿದ್ದ ಮರದ ಮಹಾದ್ವಾರ ಮರ ಕೊಳೆತು 2018ರ ಆಗಸ್ಟ್‌ನಲ್ಲಿ ಕುಸಿದುಬಿದ್ದಿತು. ಅದು ಮತ್ತೆ ನಿಂತದ್ದು 2021ರಲ್ಲಿ. ಸವಕಳಿ ಎಂಬುದು ಪುಣ್ಯಕ್ಷೇತ್ರಕ್ಕೂ ತಪ್ಪಿದ್ದಲ್ಲ.

ಕಟ್ಟಡವನ್ನು ಉಳಿಸಿಕೊಂಡವರಿಗೆ ಯಾತ್ರೆ ತಾನಾಗಿ ಒಲಿದು ಬಂದ ಉದಾಹರಣೆ ಶಿಗಾ ಪ್ರಾಂತದ ತೊಯೊಸಾತೊ. ಇತೋಚು ಮತ್ತು ಮಾರುಬೇನಿ ಎಂಬ ಮಹಾ ವಾಣಿಜ್ಯ ಸಂಸ್ಥೆಗಳ ಮೂಲಪುರುಷ ಇತೊ ಚುಬೆಯ ಹುಟ್ಟೂರಿದು; ಮಾರಿದವನಿಗೂ ಕೊಂಡವನಿಗೂ ಸಮಾಜಕ್ಕೂ ಹಿತವಾಗಬೇಕೆಂಬ ವ್ಯಾಪಾರ ನೀತಿಗೆ ಹೆಸರಾದ ಓಮಿ ವರ್ತಕರ ಸೀಮೆ. ಮಾರುಬೇನಿಯ ಹಿರಿಯ ಅಧಿಕಾರಿಯಾಗಿದ್ದ ಫುರುಕಾವಾ ತೆತ್ಸುಜಿರೊ ತಮ್ಮ ಸಂಪತ್ತಿನ ದೊಡ್ಡ ಭಾಗವನ್ನು ಕೊಟ್ಟು 1937ರಲ್ಲಿ ಇಲ್ಲಿನ ಪ್ರಾಥಮಿಕ ಶಾಲೆಯನ್ನು ಕಟ್ಟಿಸಿದರು. ಅದರ ವಾಸ್ತುಶಿಲ್ಪಿ ವಿಲಿಯಂ ಮೆರೆಲ್ ವೊರೀಸ್. 2002ರಲ್ಲಿ ಆಡಳಿತ ಅದನ್ನು ಕೆಡವಲು ಹೊರಟಾಗ ನಿವಾಸಿಗಳು ನ್ಯಾಯಾಲಯದ ಮೊರೆಹೊಕ್ಕು ತಡೆಯಾಜ್ಞೆ ತಂದರು. ಕಟ್ಟಡ ಉಳಿಯಿತು. ಏಳು ವರ್ಷಗಳ ನಂತರ 'ಕೆ-ಆನ್!' ಧಾರಾವಾಹಿ, ಮುಂದೆ 2011ರಲ್ಲಿ ಅದರ ಚಲನಚಿತ್ರ, ಈ ಶಾಲೆಯನ್ನೇ ಮಾದರಿಯಾಗಿ ಬಳಸಿದವು. ಪ್ರವೇಶಕ್ಕೆ ಶುಲ್ಕವಿಲ್ಲ. ಮೆಟ್ಟಿಲಿನ ಕೈಹಿಡಿಯ ಮೇಲೆ ಆಮೆ ಮತ್ತು ಮೊಲದ ಪುಟ್ಟ ಹಿತ್ತಾಳೆ ಬೊಂಬೆಗಳು ಇಂದಿಗೂ ಇವೆ. ಮೇಲಂತಸ್ತಿನ ಕೊಠಡಿಯಲ್ಲಿ ಅಭಿಮಾನಿಗಳು ಧಾರಾವಾಹಿಯಲ್ಲಿರುವಂತೆಯೇ ಮೇಜುಗಳನ್ನು ಜೋಡಿಸಿ, ಚಹಾದ ಬಟ್ಟಲುಗಳನ್ನು ತಂದಿಟ್ಟಿದ್ದಾರೆ.