ತಾತನ ಅಂಬಾಸಿಡರ್‌ಗೆ ಯಾವ ಆಯಿಲ್?

‘ದುಬಾರಿ ಸಿಂಥೆಟಿಕ್ ಆಯಿಲ್ ಹಾಕಿಸು, ಹಳೇ ಕಾರಿನ ಆಯುಷ್ಯ ಹೆಚ್ಚುತ್ತೆ’ ಎನ್ನುತ್ತಾರೆ ನನ್ನ ಬಿಇ ಸಹಪಾಠಿಗಳು. ತಾತ ಇಂದಿಗೂ ಓಡಿಸುವ 1978ರ ಅಂಬಾಸಿಡರ್‌ಗೆ ಈ ಮಾತು ಒಪ್ಪುವುದಿಲ್ಲ. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ನಿನಲ್ಲಿ ಕ್ಯಾಮ್ ಚಪ್ಪಟೆ ಟ್ಯಾಪೆಟ್‌ಗೆ ಉಜ್ಜಿಕೊಂಡೇ ತಿರುಗುತ್ತದೆ. ಆ ಸವೆತ ತಡೆಯುವುದು ಆಯಿಲ್‌ನಲ್ಲಿರುವ ಸತು–ರಂಜಕದ ಸಂಯುಕ್ತ, ಜೆಡ್‌ಡಿಡಿಪಿ.

ರಂಜಕವು ಈಗಿನ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಿಸುತ್ತದೆ. ಹಾಗಾಗಿ ಎಪಿಐ ಎಸ್‌ಪಿ ದರ್ಜೆಯ 5ಡಬ್ಲ್ಯು-30 ಆಯಿಲ್‌ನಲ್ಲಿ ಅದಕ್ಕೆ ಶೇ 0.08ರ ಮಿತಿ. ತಾತನ ಕಾರಿಗೆ ಕನ್ವರ್ಟರೇ ಇಲ್ಲ! ಜತೆಗೆ, ಸವೆದ ಬೇರಿಂಗ್‌ಗಳಲ್ಲಿ ತೆಳು ಆಯಿಲ್‌ಗೆ ಒತ್ತಡ ನಿಲ್ಲದು. ಅದಕ್ಕೆ ಸತು ಹೆಚ್ಚಿರುವ 20ಡಬ್ಲ್ಯು-50 ಮಿನರಲ್ ಆಯಿಲ್ಲೇ ಸರಿ.

2014ರಲ್ಲೇ ತಯಾರಿಕೆ ನಿಂತ ಕಾರಿದು. ಕ್ಯಾಮ್ ಸವೆದರೆ ಎಂಜಿನ್ ಬಿಚ್ಚಬೇಕು, ಬಿಡಿಭಾಗಕ್ಕೆ ಅಲೆಯಬೇಕು. ಬೆಲೆ ನೋಡುವ ಮೊದಲು ಡಬ್ಬಿಯ ಮೇಲಿನ ದರ್ಜೆ ಓದಿ.