ಕಡತ ನುಂಗಿದ ಖಾಲಿ ಜಾಗ!

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ನನ್ನ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಉಷ್ಣಾಂಶವನ್ನು ನಾಲ್ಕು ತಿಂಗಳು ದಿನಕ್ಕೆರಡು ಸಲ ಬರೆದಿಟ್ಟಿದ್ದರು. ನಮ್ಮ ಭಾಗದ ಮೇ ತಿಂಗಳ ಬಿಸಿಲನ್ನು ಬಲ್ಲವರಿಗೆ ಅದೆಂಥ ಕೆಲಸವೆಂದು ಹೇಳಬೇಕಿಲ್ಲ. ಕಂಪ್ಯೂಟರಿನಲ್ಲಿ ಊರಿಗೊಂದು ಕಡತ. ಒಂದು ಸಂಜೆ ನೋಡಿದರೆ 'ಶಹಾಬಾದ್' ಕಡತವೇ ಮಾಯ!

ಆದದ್ದಿಷ್ಟು. ತಪ್ಪು ಅಂಕಿಗಳಿದ್ದ 'ಶಹಾಬಾದ್ ಹಳೆಯದು' ಎಂಬ ಇನ್ನೊಂದು ಕಡತವಿತ್ತು. ಅದನ್ನು ಅಳಿಸಲು ಹುಡುಗನೊಬ್ಬ ಪೈಥಾನ್ ಭಾಷೆಯಲ್ಲಿ ನಾಲ್ಕು ಸಾಲು ಬರೆದ. ಅಳಿಸುವ ಕೆಲಸ ಪೈಥಾನ್‌ಗೇ ಬರುತ್ತದೆ. ಈತ ಮಾತ್ರ 'ಓಎಸ್ ಡಾಟ್ ಸಿಸ್ಟಮ್' ಮೂಲಕ ಲಿನಕ್ಸ್‌ನ 'ಆರ್‌ಎಂ' ಎಂಬ ಹೊರಗಿನ ಪ್ರೋಗ್ರಾಂ ಅನ್ನು ಕರೆದ.

ಹಾಗೆ ಕರೆದಾಗ ಆಜ್ಞೆ ನೇರವಾಗಿ 'ಆರ್‌ಎಂ'ಗೆ ಹೋಗುವುದಿಲ್ಲ. ನಡುವೆ 'ಶೆಲ್' ಎಂಬ ಮಧ್ಯವರ್ತಿ ಇದೆ. 1971ರ ಮೊದಲ ಯುನಿಕ್ಸ್‌ನಲ್ಲೇ ಇದ್ದ ಹಳೆಯ ಆಸಾಮಿ! ಅದು ಸಾಲನ್ನು ಓದಿ, ಖಾಲಿ ಜಾಗ ಕಂಡಲ್ಲೆಲ್ಲ ತುಂಡು ಮಾಡುತ್ತದೆ. ಕಿರಾಣಿ ಅಂಗಡಿಗೆ 'ತೊಗರಿ ಬೇಳೆ' ಎಂದು ಚೀಟಿ ಕಳಿಸಿದರೆ, ಅಂಗಡಿಯ ಹುಡುಗ ತೊಗರಿ ಬೇರೆ, ಬೇಳೆ ಬೇರೆ ಕಟ್ಟಿಕೊಟ್ಟ ಹಾಗೆ. 'ಆರ್‌ಎಂ'ಗೆ ಎರಡು ಹೆಸರು ಸಿಕ್ಕವು. 'ಶಹಾಬಾದ್' ಇತ್ತು, ಅಳಿಸಿತು. 'ಹಳೆಯದು' ಇಲ್ಲವೆಂದು ದೂರಿತು. ಕೆಲಸ ಕೆಟ್ಟಿತೆಂಬ ಸೂಚನೆಯಾಗಿ ಸೊನ್ನೆಯಲ್ಲದ ಸಂಖ್ಯೆಯೂ ವಾಪಸ್ ಬಂದಿತ್ತು. ನೋಡುವವರಾರು?

ಖಾಲಿ ಜಾಗಕ್ಕಿಂತ ಅರ್ಧವಿರಾಮ ಚಿಹ್ನೆ ಅಪಾಯಕಾರಿ. ಅದರ ಮುಂದಿರುವುದನ್ನು ಶೆಲ್ ಹೊಸ ಆಜ್ಞೆಯೆಂದೇ ತಿಳಿಯುತ್ತದೆ. ಕಡತದ ಹೆಸರನ್ನು ಹೊರಗಿನವರು ಕೊಡುವಂತಿದ್ದರೆ, ಹೆಸರಿನ ಬಾಲದಲ್ಲೇ ಕೆಡುಕಿನ ಆಜ್ಞೆಯನ್ನು ಅಂಟಿಸಿ ಕಳಿಸಬಹುದು. ಶೆಲ್‌ನಲ್ಲೇ ದೋಷವಿದ್ದರಂತೂ ಕೇಳುವುದೇ ಬೇಡ. 'ಬ್ಯಾಶ್' ಎಂಬ ಶೆಲ್‌ನಲ್ಲಿ 1989ರಿಂದ ಅಡಗಿದ್ದ 'ಶೆಲ್‌ಶಾಕ್' ದೋಷ 2014ರ ಸೆಪ್ಟೆಂಬರಿನಲ್ಲಿ ಬಯಲಾದಾಗ ಜಗತ್ತಿನ ಅಸಂಖ್ಯ ಸರ್ವರುಗಳನ್ನು ತುರ್ತಾಗಿ ದುರಸ್ತಿ ಮಾಡಬೇಕಾಯಿತು.

ಪರಿಹಾರ ಸರಳ. 'ಸಬ್‌ಪ್ರೋಸೆಸ್ ಡಾಟ್ ರನ್' ಬಳಸಿ, ಪ್ರೋಗ್ರಾಂ ಹೆಸರು ಒಂದು, ಕಡತದ ಹೆಸರು ಇನ್ನೊಂದು ಎಂದು ಪಟ್ಟಿಯಾಗಿ ಕೊಡಬೇಕು. ಆಗ ಶೆಲ್‌ಗೆ ಕೆಲಸವೇ ಇಲ್ಲ. ಪೈಥಾನ್ ಕೋರಿದಂತೆ ಕಾರ್ಯಾಚರಣ ವ್ಯವಸ್ಥೆಯೇ ಪ್ರೋಗ್ರಾಂ ಅನ್ನು ಶುರುಮಾಡಿ ಹೆಸರನ್ನು ಇಡಿಯಾಗಿ ಅದರ ಕೈಗೆ ಕೊಡುತ್ತದೆ. ಖಾಲಿ ಜಾಗವೂ ಅರ್ಧವಿರಾಮವೂ ಬರೀ ಅಕ್ಷರಗಳಾಗಿ ಉಳಿಯುತ್ತವೆ. 'ಚೆಕ್' ಎಂಬುದನ್ನು 'ಟ್ರೂ' ಮಾಡಿದರೆ, ಕೆಲಸ ಕೆಟ್ಟೊಡನೆ ಪ್ರೋಗ್ರಾಂ ಅಲ್ಲೇ ನಿಂತು ಕೂಗುತ್ತದೆ. ಆದರೆ 'ಶೆಲ್' ಎಂಬುದನ್ನೂ 'ಟ್ರೂ' ಮಾಡಿದಿರೋ, ಮಧ್ಯವರ್ತಿ ಮತ್ತೆ ಹಾಜರು!

ಪುಣ್ಯಕ್ಕೆ ಶಹಾಬಾದಿನ ಹುಡುಗಿ ತನ್ನ ನೋಟ್‌ಬುಕ್ಕನ್ನು ರದ್ದಿಗೆ ಹಾಕಿರಲಿಲ್ಲ. ಹುಡುಗ ಎರಡು ಭಾನುವಾರ ಕುಳಿತು ಅಷ್ಟೂ ಅಂಕಿಗಳನ್ನು ಮತ್ತೆ ಟೈಪ್ ಮಾಡಿದ. ಈ ಸಲ ಕಡತಕ್ಕೆ 'ಶಹಾಬಾದ್ ಹೊಸದು' ಎಂದೇ ಹೆಸರಿಟ್ಟ, ಖಾಲಿ ಜಾಗ ಸಮೇತ.