ಮಡಚುವ ಚಾಕು ಸಂಗ್ರಹ ಶುರು ಮಾಡ್ತೀರಾ? ಅಂಗಡಿಗೆ ಹೋಗೋ ಮೊದಲು ಅಜ್ಜಿಯ ಅಡಕೊತ್ತು ಹುಡುಕಿ

ಬೆಳಗಾವಿ: ನಾಣ್ಯ, ಅಂಚೆಚೀಟಿ, ಹಳೇ ಗಡಿಯಾರ ಕೂಡಿಸುವವರು ನಮ್ಮ ಊರಲ್ಲಿ ಮೊದಲಿಂದಲೂ ಇದ್ದಾರೆ. ಮಡಚುವ ಚಾಕು ಕೂಡಿಸುವುದೂ ಅಂಥದ್ದೇ ಒಂದು ಹವ್ಯಾಸ. ಆದರೆ ಮಹಾಂತೇಶ ನಗರದ ಯಾವುದೇ ಮನೆಗೆ ಪಾರ್ಸಲ್‌ನಲ್ಲಿ ಚಾಕು ಬಂತು ಅಂದ್ರೆ, ಅವ್ವನ ಮೊದಲ ಪ್ರಶ್ನೆ ಒಂದೇ: "ಏನ್ ಮಾಡ್ತಿ ಇದನ್ನ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಇರಬೇಕು. ಮನೆಯಲ್ಲಿ ಉತ್ತರ ಇಲ್ಲದ ಚಾಕು ಒಂದು ದಿನ ಕಿಸೆ ಸೇರಿ ಬೀದಿಗೆ ಬರುತ್ತೆ. ಆಗ ಅದೇ ಪ್ರಶ್ನೆಯನ್ನು ಪೊಲೀಸರು ಕೇಳ್ತಾರೆ. ಹಾಗಾಗಿ ಏನು ಕೊಳ್ಳಬೇಕು, ಹೇಗೆ ಇಡಬೇಕು, ಕಾನೂನು ಏನು ಹೇಳುತ್ತೆ ಅನ್ನೋದರ ಮಾಹಿತಿ ಇಲ್ಲಿದೆ.

ಮೊದಲ ವಸ್ತು ಮನೆಯಲ್ಲೇ ಐತಿ

ಅಜ್ಜಿಯ ಎಲೆ-ಅಡಿಕೆ ಚೀಲದಲ್ಲಿ ಇರುತ್ತಿದ್ದ ಅಡಕೊತ್ತು ನೆನಪಿದೆಯಾ? ಕೆಲವರು ಅಡಕತ್ತರಿ ಅಂತಾರೆ. ಅದು ಚಾಕು ಅಲ್ಲ, ನಿಜ. ಆದರೆ ಒಂದು ಕೀಲಿನ ಮೇಲೆ ತೆರೆದು ಮುಚ್ಚುವ ಅಲಗು ಅದಕ್ಕೂ ಇದೆ. ಹಜಾಮರ ಹಳೇ ಕ್ಷೌರದ ಕತ್ತಿಯೂ ಹೀಗೆಯೇ ಹಿಡಿಯೊಳಗೆ ಮಡಚಿಕೊಳ್ಳುತ್ತೆ. ಸಂಗ್ರಹಕ್ಕೆ ಇದಕ್ಕಿಂತ ಅಗ್ಗದ, ಅರ್ಥವುಳ್ಳ ಆರಂಭ ಬೇರೆ ಇಲ್ಲ.

ಇಂಥ ಮನೆಬಳಕೆಯ ವಸ್ತುಗಳಿಂದಲೇ ದೊಡ್ಡ ಮ್ಯೂಸಿಯಂ ಕಟ್ಟಿದ ಉದಾಹರಣೆ ಪಕ್ಕದ ಪುಣೆಯಲ್ಲಿದೆ. ದಿನಕರ ಕೇಳಕರ್ (1896–1990) ಊರೂರು ತಿರುಗಿ ದೀಪ, ಪಾತ್ರೆ, ಬೀಗ, ಅಡಕೊತ್ತುಗಳನ್ನು ಕೂಡಿಸಿದರು. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜನ ಹೆಸರನ್ನು ಆ ಸಂಗ್ರಹಕ್ಕೆ ಇಟ್ಟರು. ರಾಜಾ ದಿನಕರ ಕೇಳಕರ್ ಮ್ಯೂಸಿಯಂನ ಅಡಕೊತ್ತುಗಳನ್ನು ಒಮ್ಮೆ ನೋಡಿ ಬಂದರೆ ಸಂಗ್ರಹ ಅಂದ್ರೆ ಏನು ಅಂತ ತಿಳಿಯುತ್ತೆ. ಕುದುರೆ, ನವಿಲು, ಗಂಡ-ಹೆಂಡತಿ ಜೋಡಿ, ಹೀಗೆ ಒಂದೊಂದಕ್ಕೂ ಒಂದೊಂದು ರೂಪ.

ಎಷ್ಟು ಚಾಕು ಅನ್ನೋದಕ್ಕಿಂತ ಎಷ್ಟು ಬಗೆ

ಹೊಸಬರು ಮಾಡುವ ತಪ್ಪು ಅಂದ್ರೆ ಒಂದೇ ತರಹದ ಹತ್ತು ಅಗ್ಗದ ಚಾಕು ಕೊಳ್ಳೋದು. ಅದರ ಬದಲು ಅಲಗು ಹೇಗೆ ತೆರೆದು ನಿಲ್ಲುತ್ತೆ ಅನ್ನೋದನ್ನು ನೋಡಿ ಆರಿಸಿ. ಶುರುವಿಗೆ ಈ ನಾಲ್ಕು ಬಗೆ ಸಾಕು.

1. ಬರೀ ಕೀಲು: ಅಡಕೊತ್ತು, ಕ್ಷೌರದ ಕತ್ತಿ. ಸ್ಪ್ರಿಂಗ್ ಇಲ್ಲ, ಲಾಕ್ ಇಲ್ಲ.

2. ಸ್ಪ್ರಿಂಗ್ ಇರುವುದು: ತೋಟದವರು ಬಳಸುವ ಕಸಿ ಚಾಕು ಇದಕ್ಕೆ ಒಳ್ಳೆಯ ಉದಾಹರಣೆ. ಖಾನಾಪುರ ಕಡೆ ಗೇರು, ಮಾವಿನ ಕಸಿ ಕಟ್ಟುವವರ ಕೈಯಲ್ಲಿ ನೋಡಿರ್ತೀರಿ. ಹಲವು ಕಸಿ ಚಾಕುಗಳ ಅಲಗು ಒಂದೇ ಬದಿಗೆ ಹರಿತ, ಇನ್ನೊಂದು ಬದಿ ಚಪ್ಪಟೆ. ಕೊಂಬೆಯ ಮೇಲೆ ಸಮನಾದ ಕೊಯ್ತ ಬೀಳಲಿ ಅಂತ ಈ ವ್ಯವಸ್ಥೆ. 1897ರಲ್ಲಿ ಸ್ವಿಟ್ಜರ್ಲೆಂಡ್‌ನ ಕಾರ್ಲ್ ಎಲ್ಸೆನರ್ ನೋಂದಾಯಿಸಿದ ಅಧಿಕಾರಿಗಳ ಚಾಕು, ಅಂದ್ರೆ ಈಗಿನ ಕೆಂಪು ಹಿಡಿಯ ವಿಕ್ಟೊರಿನಾಕ್ಸ್, ಇದೇ ಜಾತಿ.

3. ಉಂಗುರದ ಲಾಕ್: ಫ್ರಾನ್ಸ್‌ನ ಒಪಿನೆಲ್. ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ರೈತರ ಚಾಕು. ಮರದ ಹಿಡಿ. ಕುತ್ತಿಗೆಯಲ್ಲಿರುವ ಉಂಗುರ ತಿರುಗಿಸಿದರೆ ಅಲಗು ಅಲುಗಂಗಿಲ್ಲ. ಈ ಉಂಗುರ ಸೇರಿದ್ದು 1955ರಲ್ಲಿ.

4. ಬೆನ್ನಿನ ಲಾಕ್: ಹಿಡಿಯ ಬೆನ್ನ ಮೇಲಿನ ಪಟ್ಟಿ ಒತ್ತಿದರೆ ಮಾತ್ರ ಮಡಚುತ್ತೆ. ಅಮೆರಿಕದ ಬಕ್ 110 ಚಾಕು 1964ರಿಂದ ಇದನ್ನು ಮನೆಮಾತಾಗಿಸಿತು.

ಲಾಕ್ ಇಲ್ಲದ ಚಾಕುವಿನ ಬೆನ್ನ ಮೇಲೆ ಒತ್ತಡ ಬಿದ್ದರೆ ಅಲಗು ನಿಮ್ಮ ಬೆರಳ ಮೇಲೇ ಮಡಚಿಕೊಳ್ಳುತ್ತೆ. ತೂತು ಕೊರೆಯೋದು, ಡಬ್ಬಿ ಮುಚ್ಚಳ ಮೀಟೋದು ಇದರಿಂದ ಬೇಡ.

ಕೊಳ್ಳುವಾಗ ಏನು ನೋಡಬೇಕು?

ಚಾಕು ಮಡಚಿದಾಗ ಅಲಗು ಹಿಡಿಯ ನಡುಮಧ್ಯೆ ಕೂರಬೇಕು, ಒಂದು ಬದಿಗೆ ತಾಗಬಾರದು. ತೆರೆದಾಗ ಎಡಕ್ಕೆ-ಬಲಕ್ಕೆ ಅಲುಗಬಾರದು. ಸ್ಪ್ರಿಂಗ್ ಇದ್ದರೆ 'ಟಕ್' ಅಂತ ಗಟ್ಟಿ ಶಬ್ದ ಬರಬೇಕು. ಹಳೇ ಚಾಕು ಆದ್ರೆ ಅಲಗಿನ ಬುಡದಲ್ಲಿ ತಯಾರಕರ ಮುದ್ರೆ ಇದೆಯಾ ನೋಡಿ. ಬಿಲ್ ಕೇಳಿ ತಗೊಳ್ಳಿ.

ಕಾನೂನು ಏನು ಹೇಳುತ್ತೆ?

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮನೆ ಮತ್ತು ಕೃಷಿ ಬಳಕೆಗಷ್ಟೇ ಮಾಡಿದ ವಸ್ತುಗಳು 'ಆಯುಧ' ಅನ್ನೋ ವ್ಯಾಖ್ಯೆಯಿಂದ ಹೊರಗಿವೆ. ಅದರ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಹರಿತ ಆಯುಧಗಳ ವರ್ಗದಲ್ಲಿ ಇಟ್ಟಿವೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ಇವಕ್ಕೆ ಲೈಸೆನ್ಸ್ ಬೇಕು.

ಹಂಗಂತ 'ನಂದು ಮೂರೇ ಇಂಚು' ಅಂತ ಕಿಸೆಯಲ್ಲಿ ಇಟ್ಕೊಂಡು ತಿರುಗೋ ಹಾಗಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ 1963ರ ಅಡಿ ಪೊಲೀಸ್ ಆಯುಕ್ತರು, ಜಿಲ್ಲಾ ಮ್ಯಾಜಿಸ್ಟ್ರೇಟ್ ಅವರು ಚಾಕು, ಬಡಿಗೆ ಒಯ್ಯುವುದನ್ನು ನಿಷೇಧಿಸಬಹುದು. ಗಣೇಶ ವಿಸರ್ಜನೆ, ರಾಜ್ಯೋತ್ಸವ, ಚುನಾವಣೆ ಸಮಯದಲ್ಲಿ ನಿಷೇಧಾಜ್ಞೆ ಇದೆಯಾ ಅಂತ ತಿಳಿದುಕೊಳ್ಳಿ. ಇನ್ನು ಚಾಕು ತೋರಿಸಿ ಹೆದರಿಸಿದರೆ ಉದ್ದ ಎಷ್ಟೇ ಇರಲಿ, ಅದು ಅಪರಾಧ. ಕೈಯಲ್ಲಿ ಹಿಡಿದು ರೀಲ್ಸ್ ಮಾಡೋದು ಬೇಡವೇ ಬೇಡ.

ಗುಂಡಿ ಒತ್ತಿದರೆ ಚಿಮ್ಮುವ ಚಾಕುವಿನಿಂದ ದೂರ ಇರಿ. ಇಂಥ ಬಟನ್ ಚಾಕುಗಳ ಬಗ್ಗೆ ದೆಹಲಿಯಲ್ಲಿ ಪ್ರತ್ಯೇಕ ಅಧಿಸೂಚನೆಯೇ ಇದೆ. ಹಳೇ ಹಿಂದಿ ಸಿನಿಮಾಗಳ ವಿಲನ್ ತೆಗೆಯುತ್ತಿದ್ದ ರಾಂಪುರಿ ಚಾಕುವಿಗೆ ಉತ್ತರ ಪ್ರದೇಶದ ರಾಂಪುರದಲ್ಲಿ 2023ರಲ್ಲಿ ಒಂದು ವೃತ್ತವನ್ನೇ ಮಾಡಿ, ಸುಮಾರು 20 ಅಡಿಯ ಚಾಕು ನಿಲ್ಲಿಸಿದ್ದಾರೆ. ಅದನ್ನು ನೋಡಿ ಫೋಟೊ ತೆಗೆಸಿಕೊಳ್ಳಿ, ಉದ್ದ ಅಲಗಿನದನ್ನು ಕೊಂಡು ತರಬೇಡಿ.

ಸಾಂಬ್ರಾ ವಿಮಾನ ನಿಲ್ದಾಣದಿಂದ ಹೊರಟರೆ ಚಾಕು ಕೈಚೀಲದಲ್ಲಿ ಇರಬಾರದು, ಚೆಕ್-ಇನ್ ಬ್ಯಾಗ್‌ನಲ್ಲಿ ಹಾಕಿ. 100 ವರ್ಷ ದಾಟಿದ ಅಡಕೊತ್ತು, ಚಾಕುಗಳನ್ನು ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಮುನ್ನ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ. ಪುರಾತನ ವಸ್ತುಗಳ ರಫ್ತಿಗೆ 1972ರ ಕಾಯ್ದೆಯ ನಿರ್ಬಂಧ ಇದೆ.

ನಮ್ಮ ಮಳೆಗಾಲವೇ ದೊಡ್ಡ ಶತ್ರು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿ, ಖಾನಾಪುರದ ಹವೆಯಲ್ಲಿ ಬಟ್ಟೆಯೇ ಒಣಗಂಗಿಲ್ಲ. ಕಬ್ಬಿಣದ ಗತಿ ಏನು? ಈ ನಾಲ್ಕು ಮಾತು ನೆನಪಿಡಿ.

- ಚರ್ಮದ ಕವರ್‌ನಲ್ಲಿ ಚಾಕು ಇಟ್ಟು ಮರೆಯಬೇಡಿ. ಚರ್ಮ ತೇವ ಹೀರುತ್ತೆ, ತುಕ್ಕು ಹಿಡಿಯುತ್ತೆ. ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಶೂ ಬಾಕ್ಸ್‌ನಲ್ಲಿ ಬರುವ ಸಿಲಿಕಾ ಜೆಲ್ ಪುಡಿಕೆ ಒಂದೆರಡು ಹಾಕಿ.
- ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಕೊಬ್ಬರಿ ಎಣ್ಣೆ ಬೇಡ, ದಿನ ಕಳೆದಂತೆ ಅಂಟಾಗುತ್ತೆ.
- ನಿಂಬೆ, ಮಾವು ಕೊಯ್ದ ತಕ್ಷಣ ತೊಳೆದು ಒರೆಸಿ. ಕಾರ್ಬನ್ ಉಕ್ಕಿನ ಅಲಗು ಬೂದಿ-ನೀಲಿ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ. ಕೆಂಪು ಪುಡಿ ಕಂಡರೆ ಮಾತ್ರ ಅದು ತುಕ್ಕು.
- ಹಳೇ ಅಲಗನ್ನು ತಿರುಗುವ ಸಾಣೆಗೆ ಕೊಡಬೇಡಿ. ಬಿಸಿಗೆ ಉಕ್ಕಿನ ಹದ ಕೆಡುತ್ತೆ. ನೀರು ಹಾಕಿದ ಸಾಣೆಕಲ್ಲಿನ ಮೇಲೆ ಕೈಯಿಂದಲೇ ಮಸೆಯಿರಿ.

ಮನೆಯಲ್ಲಿ ಮಕ್ಕಳಿದ್ದರೆ ಡಬ್ಬಿಗೆ ಬೀಗ ಕಡ್ಡಾಯ.

ಒಂದು ನೋಟ್‌ಬುಕ್ ಇರಲಿ

ಇಪ್ಪತ್ತು ರೂಪಾಯಿಯ ನೋಟ್‌ಬುಕ್ ತಗೊಳ್ಳಿ. ಪ್ರತಿ ಚಾಕುವಿಗೂ ಒಂದು ಪುಟ. ಎಲ್ಲಿಂದ ಬಂತು, ಯಾವಾಗ, ಅಲಗಿನ ಉದ್ದ, ಲಾಕ್ ಬಗೆ ಬರೆದು ಬಿಲ್ ಅಂಟಿಸಿ. ಯಾರು, ಯಾವ ಕೆಲಸಕ್ಕೆ ಬಳಸುತ್ತಿದ್ದರು ಅನ್ನೋದನ್ನೂ ಬರೀರಿ. ಯಾರಾದರೂ ಕೇಳಿದರೆ ತೋರಿಸಲಿಕ್ಕೆ ನಿಮ್ಮ ಹತ್ತಿರ ದಾಖಲೆ ಇರುತ್ತೆ.

ಮೊದಲ ಪುಟ ಅಡಕೊತ್ತಿಗೆ ಇರಲಿ. ಅಜ್ಜಿ ಇನ್ನೂ ಇದ್ದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ: ತವರಿಂದ ತಂದದ್ದಾ, ಜಾತ್ರೆಯಲ್ಲಿ ಕೊಂಡದ್ದಾ, ಎಷ್ಟು ಕೊಟ್ಟಿದ್ದರು? ಚಾಕು ನಾಳೆಯೂ ಅಂಗಡಿಯಲ್ಲಿ ಸಿಗುತ್ತೆ. ಆ ಉತ್ತರಗಳು ಸಿಗಂಗಿಲ್ಲ.